ವೋಲ್ಟಿಗೊಂದು ಸ್ಥಾಯಿ: ಅನಲಾಗ್ ಆಸಿಲೇಟರ್‌ನ ಶ್ರುತಿ ಸರಿಪಡಿಸಿದ ಕೆಲಸದ ದಾಖಲೆ

ಕೀಬೋರ್ಡಿನ ಕೆಳಗಿನ ಷಡ್ಜವನ್ನು ಎಲೆಕ್ಟ್ರಾನಿಕ್ ತಂಬೂರಿಯ ಷಡ್ಜಕ್ಕೆ ಸೇರಿಸಿ ಮೂರು ಸ್ಥಾಯಿ ಮೇಲಿನ ಷಡ್ಜವನ್ನು ಒತ್ತಿದಾಗ ಅದು ತಂಬೂರಿಯೊಡನೆ ಸೇರದೆ ಕಿವಿಗೆ ಚುಚ್ಚುವಷ್ಟು ಕೆಳಗೆ ನಿಂತಿತು. ನಾನು ಎರಡು ತಿಂಗಳು ಕುಳಿತು ಕಟ್ಟಿದ ಎರಡು ಅನಲಾಗ್ ಆಸಿಲೇಟರ್‌ಗಳಿಂದ (ಸಿಂಥಸೈಜರ್‌ನಲ್ಲಿ ಸ್ವರ ಹುಟ್ಟಿಸುವ ಸರ್ಕ್ಯೂಟ್‌ಗಳಿಂದ) ಬಂದ ಮೊದಲ ಸ್ವರಗಳು ಅವು. ನಾದ ತುಂಬಾ ಚೆನ್ನಾಗಿತ್ತು, ಶ್ರುತಿ ಮಾತ್ರ ನಿಲ್ಲುತ್ತಿರಲಿಲ್ಲ. ಅಲ್ಲಿಂದ ಎರಡೂ ಆಸಿಲೇಟರ್‌ಗಳು ಏಳು ಸ್ಥಾಯಿಗಳ ಉದ್ದಕ್ಕೂ ಒಂದಕ್ಕೊಂದು ಅಂಟಿಕೊಂಡು ನಡೆಯುವವರೆಗೆ ಏನೇನು ಮಾಡಿದೆ, ಎಲ್ಲಿ ಎಡವಿದೆ ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿಡುತ್ತಿದ್ದೇನೆ. ಇಂಥ ಆಸಿಲೇಟರ್ ಕಟ್ಟುವ ಹೆಚ್ಚಿನವರು ಶ್ರುತಿ ತಪ್ಪಿದ ಕೂಡಲೇ ಸ್ಕ್ರೂಡ್ರೈವರ್ ಹಿಡಿದು ಪ್ರಿಸೆಟ್ (ಹೆಚ್ಚುಕಡಿಮೆ ಮಾಡಬಲ್ಲ ಪುಟ್ಟ ರೆಸಿಸ್ಟರ್) ತಿರುಗಿಸಲು ಶುರುಮಾಡುತ್ತಾರೆ. ನಾನೂ ಮೊದಲ ವಾರ ಅದನ್ನೇ ಮಾಡಿದೆ. ತಪ್ಪು ಯಾವ ಸ್ಥಾಯಿಯಲ್ಲಿ ಎಷ್ಟಿದೆ, ಸ್ಥಾಯಿಯಿಂದ ಸ್ಥಾಯಿಗೆ ಅದು ಹೇಗೆ ಬೆಳೆಯುತ್ತದೆ ಎಂದು ಬರೆದು ನೋಡುವ ತನಕ ಪ್ರಿಸೆಟ್ ಮುಟ್ಟಬಾರದೆಂದು ಆ ವಾರದ ವ್ಯರ್ಥ ಶ್ರಮದಿಂದ ತಿಳಿದುಕೊಂಡೆ.

ಮೊದಲು ಲೆಕ್ಕದ ಅಳತೆಗೋಲನ್ನು ಹೇಳಿಬಿಡುತ್ತೇನೆ. ರಾಬರ್ಟ್ ಮೋಗ್ ಅವರು 1964ರಿಂದ ಕಟ್ಟಿದ ಮಾಡ್ಯುಲರ್ ಸಿಂಥಸೈಜರ್‌ಗಳ (ಬಿಡಿ ಘಟಕಗಳನ್ನು ವೈರಿನಿಂದ ಜೋಡಿಸುವ ವಿದ್ಯುನ್ಮಾನ ವಾದ್ಯಗಳ) ಮೂಲಕ ನೆಲೆಯಾದ ಪದ್ಧತಿಯಲ್ಲಿ ಸ್ವರವನ್ನು ನಿರ್ಧರಿಸುವ ನಿಯಂತ್ರಣ ವೋಲ್ಟೇಜು 1 ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಏರಬೇಕು, ಅಂದರೆ ಆವೃತ್ತಿ ಎರಡರಷ್ಟಾಗಬೇಕು. 1978ರಲ್ಲಿ ಬಂದ ಕೊರ್ಗ್ ಎಂಎಸ್-20ರಂಥ ಕೆಲವು ಯಂತ್ರಗಳು ವೋಲ್ಟಿಗೆ ಇಷ್ಟು ಹರ್ಟ್ಜ್ ಎಂಬ ಬೇರೆ ದಾರಿ ಹಿಡಿದವು, ಆದರೆ ಇಂದು ಮಾಡ್ಯುಲರ್ ಕಟ್ಟುವವರ ನಡುವೆ ವೋಲ್ಟಿಗೊಂದು ಸ್ಥಾಯಿಯೇ ರೂಢಿ. ಒಂದು ಸ್ಥಾಯಿಯನ್ನು 1,200 ಸೆಂಟ್‌ಗಳಾಗಿ ಭಾಗಿಸುವುದರಿಂದ ಒಂದು ಸೆಂಟ್ ಎಂದರೆ 0.83 ಮಿಲಿವೋಲ್ಟ್. ನಮ್ಮ ಸಂಗೀತದ ಕಡೆಯಿಂದ ನೋಡುವುದಾದರೆ 81/80ರ ಪ್ರಮಾಣಶ್ರುತಿ ಸುಮಾರು 21.5 ಸೆಂಟ್, ಅಂದರೆ ಹದಿನೆಂಟು ಮಿಲಿವೋಲ್ಟ್ ತಪ್ಪಿದರೆ ಒಂದು ಪ್ರಮಾಣಶ್ರುತಿಯೇ ಜಾರಿದಂತೆ. ಇಷ್ಟು ಸೂಕ್ಷ್ಮ ಸರ್ಕ್ಯೂಟನ್ನು ಮನೆಯ ಮೇಜಿನ ಮೇಲೆ ಕಟ್ಟುತ್ತಿದ್ದೇನೆ ಎಂಬ ಅರಿವು ನನಗೆ ಬಂದದ್ದು ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದ ದಿನ.

ಸರ್ಕ್ಯೂಟ್ ಹಳೆಯ ಬಗೆಯದು. ಒಂದು ಟ್ರಾನ್ಸಿಸ್ಟರ್ ಎಳೆಯುವ ವಿದ್ಯುತ್ತಿನಿಂದ 1 ನ್ಯಾನೋಫ್ಯಾರಡ್ ಕೆಪಾಸಿಟರ್ ತುಂಬುತ್ತದೆ, ಟಿಎಲ್072 ಆಪ್‌ಆಂಪ್‌ನ (ವರ್ಧಕ ಚಿಪ್ಪಿನ) ಔಟ್‌ಪುಟ್ ಸೊನ್ನೆಯಿಂದ 5 ವೋಲ್ಟ್‌ಗೆ ಏರುತ್ತದೆ, ಅಲ್ಲಿ ಎರಡು ವೋಲ್ಟೇಜುಗಳನ್ನು ಹೋಲಿಸುವ ಎಲ್‌ಎಂ311 ಕಂಪ್ಯಾರೇಟರ್ ಎಚ್ಚೆತ್ತು, ಸ್ವಿಚ್ಚಿನಂತೆ ಕೆಲಸ ಮಾಡುವ ಜೆ113 ಎಫ್‌ಇಟಿಯನ್ನು ಕ್ಷಣಕಾಲ ತೆರೆಸಿ ಕೆಪಾಸಿಟರನ್ನು ಬರಿದು ಮಾಡುತ್ತದೆ, ಮತ್ತೆ ಏರಿಕೆ ಶುರುವಾಗುತ್ತದೆ. ಹೀಗೆ ಗರಗಸದ ಹಲ್ಲಿನಂಥ ಅಲೆ ಹುಟ್ಟುತ್ತದೆ. 1,000 ಹರ್ಟ್ಜ್‌ಗೆ ಬೇಕಾದ ವಿದ್ಯುತ್ತು 5 ಮೈಕ್ರೋಆಂಪ್, 2,000 ಹರ್ಟ್ಜ್‌ಗೆ 10, ಕೆಳಗಿನ 16.35 ಹರ್ಟ್ಜ್‌ಗೆ ಕೇವಲ 82 ನ್ಯಾನೋಆಂಪ್. ಈ ಅಂಕಿಗಳನ್ನು ನೆನಪಿಟ್ಟುಕೊಂಡರೆ ಮುಂದೆ ಬರುವ ದೋಷಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ವೋಲ್ಟೇಜನ್ನು ಹೀಗೆ ದುಪ್ಪಟ್ಟುಗೊಳ್ಳುವ ವಿದ್ಯುತ್ತಾಗಿ ಬದಲಿಸುವ ಕೆಲಸ ಟ್ರಾನ್ಸಿಸ್ಟರ್‌ನ ಸ್ವಭಾವದಲ್ಲೇ ಇದೆ. ಅದರ ಮೂರು ಕಾಲುಗಳಲ್ಲಿ ಬೇಸ್ ಮತ್ತು ಎಮಿಟರ್ ನಡುವಿನ ವೋಲ್ಟೇಜು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 17.9 ಮಿಲಿವೋಲ್ಟ್ ಏರಿದರೆ ಮೂರನೆಯದಾದ ಕಲೆಕ್ಟರ್‌ನ ವಿದ್ಯುತ್ತು ಎರಡರಷ್ಟಾಗುತ್ತದೆ. ಆದ್ದರಿಂದ ಹೊರಗಿನ 1 ವೋಲ್ಟನ್ನು 17.9 ಮಿಲಿವೋಲ್ಟ್‌ಗೆ ಇಳಿಸಿ ಬೇಸಿಗೆ ಕೊಟ್ಟರೆ ಮುಗಿಯಿತು ಎನ್ನಬಹುದಿತ್ತು, ಶಾಖದ ಎರಡು ತೊಂದರೆಗಳಿಲ್ಲದಿದ್ದರೆ. ಮೊದಲನೆಯದು, ಅದೇ ವಿದ್ಯುತ್ತಿಗೆ ಬೇಕಾಗುವ ಬೇಸ್-ಎಮಿಟರ್ ವೋಲ್ಟೇಜು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ, ಇದು ಒಂಟಿ ಟ್ರಾನ್ಸಿಸ್ಟರ್‌ನಲ್ಲಿ ಡಿಗ್ರಿಗೆ 130 ಸೆಂಟ್‌ಗಿಂತ ಹೆಚ್ಚಿನ ಜಾರಿಕೆ. ಎರಡು ಸಮಾನ ಟ್ರಾನ್ಸಿಸ್ಟರ್‌ಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ಒಂದರ ಜಾರಿಕೆಯನ್ನು ಇನ್ನೊಂದರಿಂದ ಕಳೆಯುವುದು ಅದಕ್ಕೆ ಪರಿಹಾರ. ಎರಡನೆಯದು, ಆ 17.9 ಎಂಬ ಅಂಕಿಯೇ ಕೆಲ್ವಿನ್ ಉಷ್ಣತೆಗೆ ಅನುಪಾತದಲ್ಲಿ ಏರುತ್ತದೆ, ಡಿಗ್ರಿಗೆ ಶೇಕಡಾ 0.33ರಷ್ಟು. ಇದಕ್ಕೆ ಜೋಡಿ ಟ್ರಾನ್ಸಿಸ್ಟರ್ ಸಾಲದು, ಅದೇ ವೇಗದಲ್ಲಿ ಏರುವ ರೆಸಿಸ್ಟರ್ ಬೇಕು.

ಇವನ್ನೆಲ್ಲ ಒಂದೇ ಚಿಪ್ಪಿನೊಳಗೆ ನಿಭಾಯಿಸುವ ಸಿಇಎಂ3340 ಇದೆ; ಡಗ್ ಕರ್ಟಿಸ್ ರೂಪಿಸಿದ ಆ ಚಿಪ್ಪು ಪ್ರೊಫೆಟ್-5ರ ನಂತರದ ಆವೃತ್ತಿಯಲ್ಲೂ ರೋಲಾಂಡ್ ಎಸ್‌ಎಚ್-101ರಲ್ಲೂ ಇತ್ತು, ಅದರ ಪ್ರತಿರೂಪವಾದ ಎಎಸ್3340 ಇಂದು ಲಾಟ್ವಿಯಾದ ರಿಗಾದಿಂದ ಬರುತ್ತದೆ. ಬೇಗ ಬಾರಿಸಬೇಕೆನ್ನುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ನನಗೆ ಒಳಗಿನ ಪ್ರತಿಯೊಂದು ಭಾಗವನ್ನೂ ಕೈಯಾರೆ ಕಟ್ಟಿ ಅರಿಯಬೇಕಿತ್ತು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಸಿ547ಬಿ ಟ್ರಾನ್ಸಿಸ್ಟರ್‌ಗಳ ಐವತ್ತರ ಕಟ್ಟು, ಶೇಕಡಾ 1ರ ರೆಸಿಸ್ಟರ್‌ಗಳು, ಇಪ್ಪತ್ತೈದು ಸುತ್ತಿನ ಮಲ್ಟಿಟರ್ನ್ ಪ್ರಿಸೆಟ್‌ಗಳು ಸುಲಭವಾಗಿ ಸಿಕ್ಕವು. ಸಿಂಥಸೈಜರ್ ಕಟ್ಟುವವರು ಬಳಸುವ, ಶಾಖದೊಡನೆ ಏರುವ ವಿಶೇಷ ಟೆಂಪ್ಕೋ ರೆಸಿಸ್ಟರ್ ಮಾತ್ರ ಸಿಗಲಿಲ್ಲ. ಅದರ ಬದಲು ಕಾರ್ಖಾನೆಗಳ ಉಷ್ಣಮಾಪಕಗಳಲ್ಲಿ ಬಳಸುವ ಪಿಟಿ1000 ಪ್ಲಾಟಿನಂ ಸೆನ್ಸರ್ ತಂದೆ. ಅದು ಸೊನ್ನೆ ಡಿಗ್ರಿಯಲ್ಲಿ 1,000 ಓಮ್, 27 ಡಿಗ್ರಿಯಲ್ಲಿ 1,105 ಓಮ್, ಅಲ್ಲಿಂದ ಡಿಗ್ರಿಗೆ 3.88 ಓಮ್ ಏರುತ್ತದೆ. ಅಂದರೆ ದಶಲಕ್ಷಕ್ಕೆ ಸುಮಾರು 3,510 ಭಾಗ. ನಮಗೆ 300 ಕೆಲ್ವಿನ್‌ನಲ್ಲಿ, ಅಂದರೆ ಅದೇ 27 ಡಿಗ್ರಿಯಲ್ಲಿ, ಬೇಕಾದದ್ದು 3,333. ಹೆಚ್ಚಿನ ವೇಗವನ್ನು ತಗ್ಗಿಸಲು ಸೆನ್ಸರಿಗೆ ಸರಣಿಯಲ್ಲಿ 39 ಓಮ್‌ನ ಸಾಮಾನ್ಯ ರೆಸಿಸ್ಟರ್ ಸೇರಿಸಿದರೆ ಒಟ್ಟು 1,144 ಓಮ್ ಆಗಿ, ವೋಲ್ಟೇಜ್ ವಿಭಾಜಕದ (ವೋಲ್ಟೇಜನ್ನು ಇಳಿಸುವ ರೆಸಿಸ್ಟರ್ ಜೋಡಿಯ) ಮೇಲಿನ ರೆಸಿಸ್ಟರ್‌ನ ಪ್ರಭಾವವನ್ನೂ ಲೆಕ್ಕಕ್ಕೆ ಹಿಡಿದಾಗ ಏರಿಕೆ 3,328ಕ್ಕೆ ಬಂದು ನಿಲ್ಲುತ್ತದೆ. ಇಷ್ಟು ಹತ್ತಿರದ ಹೊಂದಾಣಿಕೆ ಸಾಮಾನ್ಯ ಅಂಗಡಿಯ ವಸ್ತುವಿನಿಂದ ದೊರೆತದ್ದು ನನಗೆ ನಿಜವಾಗಿ ಸಂತೋಷ ಕೊಟ್ಟಿತು. 1 ವೋಲ್ಟನ್ನು 17.9 ಮಿಲಿವೋಲ್ಟ್‌ಗೆ ಇಳಿಸಲು ಇದರ ಮೇಲೆ 62.7 ಕಿಲೋಓಮ್ ಬೇಕು. 62 ಕಿಲೋಓಮ್ ರೆಸಿಸ್ಟರಿಗೆ 2 ಕಿಲೋಓಮ್ ಪ್ರಿಸೆಟ್ ಸೇರಿಸಿ ಅದನ್ನು ಹೊಂದಿಸಿಕೊಳ್ಳಬಹುದೆಂದು ಎಣಿಸಿದೆ.

ಟ್ರಾನ್ಸಿಸ್ಟರ್‌ಗಳನ್ನು ಜೋಡಿ ಮಾಡುವಾಗ ಒಂದು ಮಾತು. ಎರಡರ ನಡುವೆ 1 ಮಿಲಿವೋಲ್ಟ್ ವ್ಯತ್ಯಾಸವಿದ್ದರೆ ಸ್ವರ ಎಲ್ಲ ಸ್ಥಾಯಿಗಳಲ್ಲೂ ಸಮನಾಗಿ 67 ಸೆಂಟ್ ಸರಿಯುತ್ತದೆ, ಅದನ್ನು ಟ್ಯೂನಿಂಗ್ ಗುಂಡಿಯಿಂದ ತಿದ್ದಬಹುದು. ಡಿಗ್ರಿಗೆ ಉಂಟಾಗುವ ಜಾರಿಕೆ ಕಾಲು ಸೆಂಟಿಗಿಂತ ಕಡಿಮೆ. ಆದ್ದರಿಂದ ಸಮಾನತೆಗಿಂತ ಎರಡರ ಶಾಖ ಒಂದೇ ಆಗಿರುವುದು ಮುಖ್ಯ ಎಂಬುದು ನನ್ನ ಅಭಿಪ್ರಾಯ. ಅಳೆಯುವಾಗ ಟ್ರಾನ್ಸಿಸ್ಟರನ್ನು ಬೆರಳಿನಿಂದ ಹಿಡಿದು ಸಾಕೆಟ್ಟಿಗೆ ಸಿಕ್ಕಿಸಿದ ಮೇಲೆ ಮೀಟರಿನ ಅಂಕಿ ಎರಡು ನಿಮಿಷ ಜಾರುತ್ತಲೇ ಇರುತ್ತದೆ. ಆ ಜಾರಿಕೆ ನಿಲ್ಲುವ ತನಕ ಕಾಯಬೇಕು, ಉಸಿರೂ ತಾಗಬಾರದು. ನಾನು ಇಕ್ಕುಳದಲ್ಲಿ ಹಿಡಿದು ಸಿಕ್ಕಿಸಿ, ಅರ್ಧ ಮಿಲಿವೋಲ್ಟಿನೊಳಗೆ ಹೊಂದುವ ಎರಡು ಜೋಡಿಗಳನ್ನು ಆರಿಸಿದೆ. ಅವುಗಳ ಚಪ್ಪಟೆ ಮುಖಗಳನ್ನು ಎದುರುಬದುರು ಅಂಟಿಸಿ, ಮೇಲೆ ಪಿಟಿ1000ನ್ನು ಒತ್ತಿಟ್ಟು, ತೆಳು ತಾಮ್ರದ ಪಟ್ಟಿ ಸುತ್ತಿ, ಹೀಟ್‌ಶ್ರಿಂಕ್ ತೊಡಿಸಿದೆ. ತಾಮ್ರದ ಪಟ್ಟಿ ಕಾಲುಗಳಿಗೆ ತಾಗದಂತೆ ನಡುವೆ ಕ್ಯಾಪ್ಟಾನ್ (ವಿದ್ಯುತ್ ನಿರೋಧಕ) ಟೇಪ್ ಇರಲೇಬೇಕು.

ಇನ್ನು ಅಳತೆ. ಸಾಮಾನ್ಯ ಮೂರೂವರೆ ಅಂಕಿಯ ಮಲ್ಟಿಮೀಟರ್ 20 ವೋಲ್ಟ್ ವ್ಯಾಪ್ತಿಯಲ್ಲಿ 10 ಮಿಲಿವೋಲ್ಟ್‌ಗಿಂತ ಸಣ್ಣದನ್ನು ತೋರಿಸುವುದಿಲ್ಲ, ಅಂದರೆ 12 ಸೆಂಟ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಆವೃತ್ತಿ ಎಣಿಸುವ ಕೌಂಟರ್ ಕೂಡ ಹಾಗೆಯೇ. ಒಂದು ಸೆಕೆಂಡಿನ ಎಣಿಕೆಯಲ್ಲಿ 1 ಹರ್ಟ್ಜ್ ಅನಿಶ್ಚಿತತೆ ಇರುತ್ತದೆ, 65 ಹರ್ಟ್ಜ್‌ನ ಸ್ವರದಲ್ಲಿ ಅದು 26 ಸೆಂಟ್ ಆಗುತ್ತದೆ. ಹಾಗಾಗಿ ಆವೃತ್ತಿಯನ್ನು ಎಣಿಸದೆ ಒಂದು ಅಲೆಯ ಅವಧಿಯನ್ನು ಅಳೆಯುವಂತೆ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಸಣ್ಣ ಪ್ರೋಗ್ರಾಂ ಬರೆದೆ. ಅದರ 16 ಮೆಗಾಹರ್ಟ್ಜ್ ಗಡಿಯಾರ ಅಷ್ಟೇನೂ ನಿಖರವಲ್ಲ, ಆದರೆ ನಮಗೆ ಬೇಕಾದದ್ದು ಎರಡು ಸ್ವರಗಳ ಅನುಪಾತ. ಗಡಿಯಾರದ ತಪ್ಪು ಮೇಲೆಯೂ ಕೆಳಗೆಯೂ ಒಂದೇ ಆಗಿರುವುದರಿಂದ ಭಾಗಿಸಿದಾಗ ಹೊರಟುಹೋಗುತ್ತದೆ. ನೂರು ಅವಧಿಗಳ ಸರಾಸರಿ ತೆಗೆದರೆ ಓದಿನ ತಪ್ಪು ಸೆಂಟಿನ ಸಣ್ಣ ಭಾಗಕ್ಕೆ ಇಳಿಯುತ್ತದೆ.

ನಿಯಂತ್ರಣ ವೋಲ್ಟೇಜಿಗಾಗಿ ಆರ್‌ಇಎಫ್02 ಎಂಬ 5 ವೋಲ್ಟಿನ ನಿಖರ ಆಕರದಿಂದ ಶೇಕಡಾ 0.1ರ ಐದು 1 ಕಿಲೋಓಮ್ ರೆಸಿಸ್ಟರ್‌ಗಳ ಏಣಿ ಕಟ್ಟಿ, 0, 1, 2, 3, 4, 5 ವೋಲ್ಟ್‌ಗಳನ್ನು ಸ್ವಿಚ್ಚಿನಿಂದ ಆರಿಸಿಕೊಳ್ಳುವಂತೆ ಮಾಡಿದೆ. ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಸೊನ್ನೆ ವೋಲ್ಟಿನಲ್ಲಿ ಸ್ವರವನ್ನು 65.41 ಹರ್ಟ್ಜ್‌ಗೆ ನಿಲ್ಲಿಸಿ, ಒಂದೊಂದೇ ವೋಲ್ಟ್ ಏರಿಸುತ್ತ ಬರೆದುಕೊಂಡೆ. ಸ್ವರ 1 ವೋಲ್ಟಿನಲ್ಲಿ ಸುಮಾರು 10 ಸೆಂಟ್, 2ರಲ್ಲಿ 28, 3ರಲ್ಲಿ 43, 4ರಲ್ಲಿ 38 ಸೆಂಟ್ ಕೆಳಗಿತ್ತು. 5ರಲ್ಲಿ ಮಾತ್ರ ಬಹುತೇಕ ಸರಿ. ಮಧ್ಯದಲ್ಲಿ ಜೋಲುಬಿದ್ದ ಹಗ್ಗದ ಹಾಗೆ. ಪ್ರಿಸೆಟ್ ತಿರುಗಿಸಿದಾಗ ಮೇಲಿನ ತುದಿ ಏರಿಳಿಯಿತೇ ಹೊರತು ಜೋಲು ಕಡಿಮೆಯಾಗಲಿಲ್ಲ. ಟ್ರಾನ್ಸಿಸ್ಟರ್ ಜೋಡಿಯನ್ನೇ ಸಂಶಯಿಸಿ ಕಿತ್ತು ಇನ್ನೊಂದನ್ನು ಹಾಕಿದೆ, ಅದೇ ಜೋಲು. ಎರಡನೆಯ ಆಸಿಲೇಟರ್‌ನಲ್ಲೂ ಅದೇ ಅಂಕಿಗಳು ಬಂದಾಗ ಮಾತ್ರ ತಪ್ಪು ಆಸಿಲೇಟರ್‌ಗಳದ್ದಲ್ಲ, ಅಳತೆಗೋಲಿನದ್ದೇ ಎಂದು ಹೊಳೆಯಿತು.

ಕಾರಣ ಸರಳ. ಆಸಿಲೇಟರ್‌ನ ಪ್ರವೇಶದಲ್ಲಿ 100 ಕಿಲೋಓಮ್ ರೆಸಿಸ್ಟರ್ ಇದೆ. ಏಣಿಯ 3 ವೋಲ್ಟಿನ ಮೆಟ್ಟಿಲನ್ನು ಹೊರಗಿನಿಂದ ನೋಡಿದರೆ ಮೇಲಿನ 2 ಕಿಲೋಓಮ್ ಮತ್ತು ಕೆಳಗಿನ 3 ಕಿಲೋಓಮ್ ಸಮಾಂತರವಾಗಿ ಸೇರಿ 1.2 ಕಿಲೋಓಮ್ ಆಗುತ್ತದೆ, ಅದರ ಮೇಲೆ ಈ ಭಾರ ಬಿದ್ದಾಗ ವೋಲ್ಟೇಜು ಶೇಕಡಾ 1.2ರಷ್ಟು, ಅಂದರೆ 36 ಮಿಲಿವೋಲ್ಟ್ ಕುಸಿಯುತ್ತದೆ. ಅದು ಲೆಕ್ಕಕ್ಕೆ ಸರಿಯಾಗಿ 43 ಸೆಂಟ್. ಸೊನ್ನೆಯೂ 5 ವೋಲ್ಟೂ ನೇರವಾಗಿ ನೆಲಕ್ಕೂ ಆಕರಕ್ಕೂ ಕಟ್ಟಿಕೊಂಡಿರುವುದರಿಂದ ಅಲ್ಲಿ ಕುಸಿತವಿಲ್ಲ. ನಾನು ಮೀಟರ್ ಇಟ್ಟು ಏಣಿಯನ್ನು ಪರೀಕ್ಷಿಸಿದ್ದೆ, ಆದರೆ ಆಸಿಲೇಟರನ್ನು ಜೋಡಿಸುವ ಮೊದಲು. ಏಣಿಯ ಮುಂದೆ ಒಪಿ07 ಆಪ್‌ಆಂಪ್ ಒಂದನ್ನು ಬಫರ್ ಆಗಿ, ಅಂದರೆ ಏಣಿಯ ಮೇಲೆ ಭಾರ ಬೀಳದಂತೆ ತಡೆಯಲು, ನಿಲ್ಲಿಸಿದ ಮೇಲೆ ಜೋಲು ಪೂರ್ತಿ ಮಾಯವಾಯಿತು. ಅದು ತಾನಾಗಿ ಸೇರಿಸುವ ತಪ್ಪು (ಆಫ್‌ಸೆಟ್) 0.1 ಮಿಲಿವೋಲ್ಟಿಗಿಂತ ಕಡಿಮೆ, ನಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು. ಇದೇ ದೋಷ ಬಫರ್ ಇಲ್ಲದ ಸೀಕ್ವೆನ್ಸರ್‌ಗಳಲ್ಲೂ (ಸ್ವರಗಳನ್ನು ಸಾಲಾಗಿ ತಾವೇ ನುಡಿಸುವ ಘಟಕಗಳಲ್ಲೂ), ಒಂದೇ ವೋಲ್ಟೇಜನ್ನು ಎರಡು ಮೂರು ಆಸಿಲೇಟರ್‌ಗಳಿಗೆ ಬರಿಯ ವೈರಿನಿಂದ ಹಂಚುವವರಲ್ಲೂ ಕಾಣಿಸಿಕೊಳ್ಳುತ್ತದೆ. ಅಂಥಲ್ಲಿ ಆಸಿಲೇಟರ್ ಬಿಚ್ಚುವ ಮೊದಲು, ಎಲ್ಲವನ್ನೂ ಜೋಡಿಸಿಯೇ ಇಟ್ಟು, ಪ್ರವೇಶದ ತುದಿಯಲ್ಲಿ ವೋಲ್ಟೇಜು ಅಳೆಯಬೇಕು.

ಈಗ ಉಳಿದದ್ದು ಸ್ಥಾಯಿಗೆ ಇಷ್ಟು ಎಂದು ನೇರವಾಗಿ ಬೆಳೆಯುವ ತಪ್ಪು. ಪ್ರಿಸೆಟ್ ಇರುವುದೇ ಇದಕ್ಕಾಗಿ. ಈ ತಿದ್ದುವಿಕೆಯನ್ನು 130.81 ಮತ್ತು 523.25 ಹರ್ಟ್ಜ್ ನಡುವೆ ಮಾಡುವುದು ಒಳ್ಳೆಯದು, ಏಕೆಂದರೆ ಮೇಲಿನ ಮತ್ತು ಕೆಳಗಿನ ತುದಿಗಳಲ್ಲಿ ಬೇರೆ ದೋಷಗಳು ಬೆರೆಯುತ್ತವೆ. ಪ್ರಿಸೆಟ್ ತಿರುಗಿಸಿದಾಗ ಎರಡೂ ಸ್ವರಗಳು ಒಟ್ಟಿಗೆ ಓಡುವುದನ್ನು ಕಂಡು ಹೊಸಬರು ಕಂಗಾಲಾಗುತ್ತಾರೆ. ಟ್ಯೂನಿಂಗ್ ಗುಂಡಿಯ ವೋಲ್ಟೇಜೂ ಅದೇ ವಿಭಾಜಕದ ಮೂಲಕ ಹಾದುಹೋಗುವುದು ಇದಕ್ಕೆ ಕಾರಣ. ನನ್ನ ಸರ್ಕ್ಯೂಟಿನಲ್ಲಿ ಜೋಡಿಯ ಒಂದು ಟ್ರಾನ್ಸಿಸ್ಟರಿನಲ್ಲಿ ಸದಾ ಒಂದೇ ಸಮನೆ ಹರಿಯುವ ಆಧಾರ ವಿದ್ಯುತ್ತು 10 ಮೈಕ್ರೋಆಂಪ್ ಆದ್ದರಿಂದ 2,000 ಹರ್ಟ್ಜ್ ಬಳಿ ಬೇಸಿನ ವೋಲ್ಟೇಜು ಸೊನ್ನೆ. ಬಾಗಿಲಿನ ಕೀಲಿನಂತೆ ಆ ಸ್ವರ ಮಾತ್ರ ಅಲುಗದೆ ನಿಂತು, ಅದರಿಂದ ದೂರವಾದಷ್ಟೂ ಉಳಿದ ಸ್ವರಗಳು ಹೆಚ್ಚು ಬೀಸುತ್ತವೆ. ಆದ್ದರಿಂದ ಸ್ವರ ಎಲ್ಲಿಗೆ ಹೋಯಿತೆಂದು ನೋಡುವ ಬದಲು ಎರಡರ ಅನುಪಾತವನ್ನಷ್ಟೇ ನೋಡುತ್ತ, ಅದು 4.000ಕ್ಕೆ ಬರುವ ತನಕ ತಿರುಗಿಸಿದರೆ ಹತ್ತು ನಿಮಿಷದ ಕೆಲಸ.

ಹತ್ತು ನಿಮಿಷದಲ್ಲಿ ಮುಗಿಯಲಿಲ್ಲ. ಅನುಪಾತ 4ಕ್ಕೆ ತಲುಪುವ ಮೊದಲೇ ಪ್ರಿಸೆಟ್ ತುದಿ ಮುಟ್ಟಿ ಒಳಗಿನ ಕ್ಲಚ್ ಟಿಕ್ ಟಿಕ್ ಎಂದು ಜಾರತೊಡಗಿತು. ಆಗಲೂ ಸ್ಥಾಯಿಗೆ 7 ಸೆಂಟ್ ಕಿರಿದಾಗಿಯೇ ಇತ್ತು. ರೆಸಿಸ್ಟರ್‌ಗಳನ್ನು ಬಿಡಿಸಿ ಅಳೆದಾಗ ಪ್ರವೇಶದ 100 ಕಿಲೋಓಮ್ 100.8 ಇತ್ತು, ಆಪ್‌ಆಂಪ್‌ನ ಫೀಡ್‌ಬ್ಯಾಕಿನದು 99.1. ಎರಡೂ ಶೇಕಡಾ 1ರ ಮಿತಿಯೊಳಗೇ ಇದ್ದವು, ಆದರೆ ವಿರುದ್ಧ ದಿಕ್ಕುಗಳಲ್ಲಿ. ಒಟ್ಟು ಶೇಕಡಾ 1.7ರ ಕೊರತೆ ನಾನು ಬಿಟ್ಟುಕೊಂಡಿದ್ದ ಅಂತರವನ್ನು ನುಂಗಿತ್ತು. ಕಟ್ಟಿನಲ್ಲಿದ್ದ ಇಪ್ಪತ್ತು ರೆಸಿಸ್ಟರ್‌ಗಳನ್ನು ಅಳೆದು ಸಮಾನವಾದ ಜೋಡಿಗಳನ್ನು ಆರಿಸಿ ಹಾಕಿದೆ, ಜೊತೆಗೆ 62 ಕಿಲೋಓಮ್ ಬದಲು 60.4 ಕಿಲೋಓಮ್, ಪ್ರಿಸೆಟ್ 2ರ ಬದಲು 5 ಕಿಲೋಓಮ್ ಇಟ್ಟೆ. ಒಂದು ಸುತ್ತಿಗೆ 1.5 ಸೆಂಟ್ ಬದಲಾಗುತ್ತಿದ್ದದ್ದು ಈಗ 3.8 ಸೆಂಟ್ ಆಯಿತು, ತಿದ್ದುವಾಗ ಕೈ ಇನ್ನಷ್ಟು ಹಗುರವಾಗಿರಬೇಕು. ಆದರೂ ಪ್ರಿಸೆಟ್ ನಡುಭಾಗದಲ್ಲಿ ನಿಲ್ಲುವ ನೆಮ್ಮದಿ ಅದಕ್ಕಿಂತ ದೊಡ್ಡದು.

ಮಧ್ಯದ ಸ್ಥಾಯಿಗಳು ನೇರವಾದ ಮೇಲೆ ಎರಡು ತುದಿಗಳ ದೋಷಗಳು ಬೇರೆಬೇರೆಯಾಗಿ ಎದ್ದು ಕಂಡವು. ಮೇಲೆ, 2,093 ಹರ್ಟ್ಜ್‌ನಲ್ಲಿ ಸ್ವರ ಸುಮಾರು 4 ಸೆಂಟ್ ಕೆಳಗೆ, 4,186ರಲ್ಲಿ ಸುಮಾರು 9, 8,372ರಲ್ಲಿ 17. ಪ್ರತಿ ಸ್ಥಾಯಿಗೂ ದುಪ್ಪಟ್ಟಾಗುವ ಈ ಆಕಾರ ರೀಸೆಟ್ ಅವಧಿಯ ಗುರುತು. ಕೆಪಾಸಿಟರ್ ಬರಿದಾಗಲು ಹಿಡಿಯುವ ಸಮಯ ಆಸಿಲೋಸ್ಕೋಪಿನಲ್ಲಿ 1.2 ಮೈಕ್ರೋಸೆಕೆಂಡ್ ಕಂಡಿತು. ಕೆಳಗಿನ ಸ್ವರಗಳ ದೀರ್ಘ ಅವಧಿಯಲ್ಲಿ ಅದು ಲೆಕ್ಕಕ್ಕಿಲ್ಲ, ಆದರೆ 4,186 ಹರ್ಟ್ಜ್‌ನ 239 ಮೈಕ್ರೋಸೆಕೆಂಡಿನಲ್ಲಿ ಅದು ಶೇಕಡಾ ಅರ್ಧ. ವಿದ್ಯುನ್ಮಾನ ಎಂಜಿನಿಯರ್ ಸೆರ್ಜಿಯೊ ಫ್ರಾಂಕೋ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಪರಿಹಾರ ಬಹಳ ಸೊಗಸಾದದ್ದು: ಕೆಪಾಸಿಟರಿಗೆ ಸರಣಿಯಲ್ಲಿ ಒಂದು ರೆಸಿಸ್ಟರ್. ಅದರ ಮೇಲೆ ಬೀಳುವ ವೋಲ್ಟೇಜು ವಿದ್ಯುತ್ತಿನ ಜೊತೆ ಏರುವುದರಿಂದ ಔಟ್‌ಪುಟ್ 5 ವೋಲ್ಟನ್ನು ಅಷ್ಟು ಬೇಗ ಮುಟ್ಟುತ್ತದೆ. ಹೀಗೆ ಉಳಿತಾಯವಾಗುವ ಸಮಯ ಯಾವ ಸ್ವರದಲ್ಲಾದರೂ ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳ ಗುಣಲಬ್ಧ. 1 ನ್ಯಾನೋಫ್ಯಾರಡ್‌ಗೆ 1.2 ಕಿಲೋಓಮ್ ಇಟ್ಟರೆ ಸರಿಯಾಗಿ 1.2 ಮೈಕ್ರೋಸೆಕೆಂಡ್. ರೀಸೆಟ್ ಮಾಡುವ ಎಫ್‌ಇಟಿಯನ್ನು ಕೆಪಾಸಿಟರಿಗೆ ಮಾತ್ರ ಅಡ್ಡಲಾಗಿ ಜೋಡಿಸಬೇಕು, ರೆಸಿಸ್ಟರನ್ನೂ ಸೇರಿಸಿಕೊಂಡು ಜೋಡಿಸಿದರೆ ಬರಿದಾಗುವುದೇ ನಿಧಾನವಾಗಿ ಪರಿಹಾರವೇ ರೋಗವಾಗುತ್ತದೆ. 2 ಕಿಲೋಓಮ್ ಪ್ರಿಸೆಟ್ ಹಾಕಿ 4,186 ಹರ್ಟ್ಜ್‌ನಲ್ಲಿ ತಿದ್ದಿದೆ. ಎಂಟು ಸಾವಿರದಲ್ಲಿ ಆಮೇಲೂ ಎರಡು ಮೂರು ಸೆಂಟ್ ಉಳಿಯಿತು. 40 ಮೈಕ್ರೋಆಂಪ್ ಹರಿಯುವಾಗ ಟ್ರಾನ್ಸಿಸ್ಟರ್‌ನ ಎಮಿಟರ್‌ನೊಳಗಿನ ಓಮ್‌ನಷ್ಟು ತಡೆಯೇ ಅಷ್ಟು ತಪ್ಪನ್ನು ತರಬಲ್ಲದು. ಅಷ್ಟೆತ್ತರದಲ್ಲಿ ನಾನು ಬಾರಿಸುವುದಿಲ್ಲವಾದ್ದರಿಂದ ಅದನ್ನು ಬಿಟ್ಟೆ.

ಕೆಳಗಿನ ತುದಿಯದು ಇದರ ತಲೆಕೆಳಗಾದ ಚಿತ್ರ. 16.35 ಹರ್ಟ್ಜ್‌ನಲ್ಲಿ ಸ್ವರ 21 ಸೆಂಟ್ ಏರಿತ್ತು, 32.70ರಲ್ಲಿ 10, 65.41ರಲ್ಲಿ 5. ಮೇಲೇರಿದಂತೆ ಅರ್ಧವಾಗುತ್ತ ಹೋಗುವ ತಪ್ಪು ಎಂದರೆ ಎಲ್ಲ ಸ್ವರಗಳಲ್ಲೂ ಒಂದೇ ಪ್ರಮಾಣದ ವಿದ್ಯುತ್ತು ಎಲ್ಲಿಂದಲೋ ಸೇರಿಕೊಳ್ಳುತ್ತಿದೆ ಎಂದರ್ಥ. 82 ನ್ಯಾನೋಆಂಪ್‌ನಲ್ಲಿ 21 ಸೆಂಟ್ ಎಂದರೆ 1 ನ್ಯಾನೋಆಂಪ್. ಎಫ್‌ಇಟಿ ಬದಲಿಸಿದರೂ ಹೋಗಲಿಲ್ಲ. ಒಂದು ಸಂಜೆ ಮಳೆ ಸುರಿದು ಗಾಳಿ ತೇವವಾದಾಗ ಅದೇ ತಪ್ಪು ದುಪ್ಪಟ್ಟಾದದ್ದು ಸುಳಿವು ಕೊಟ್ಟಿತು. ಬೋರ್ಡನ್ನು ದೀಪಕ್ಕೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ, ಕೆಪಾಸಿಟರ್ ಸೇರುವ ಬಿಂದುವಿಗೂ ಪಕ್ಕದಲ್ಲೇ ಹಾದುಹೋಗುವ ಋಣ 12 ವೋಲ್ಟಿನ ಗೆರೆಗೂ ನಡುವೆ ಬೆಸುಗೆಯ ಫ್ಲಕ್ಸ್ ಬೆಲ್ಲದ ಪಾಕದಂತೆ ತೆಳುವಾಗಿ ಹರಡಿ ಹೊಳೆಯುತ್ತಿತ್ತು, ಅದರ ಮೇಲೆ ಧೂಳೂ ಕೂತಿತ್ತು. 12 ವೋಲ್ಟಿನಿಂದ 1 ನ್ಯಾನೋಆಂಪ್ ಸೋರಲು 12 ಗಿಗಾಓಮ್ ಸಾಕು, ಕೊಳಕು ಫ್ಲಕ್ಸ್ ಅಷ್ಟನ್ನು ಧಾರಾಳವಾಗಿ ಬಿಟ್ಟುಕೊಡುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಲ್ಲುಜ್ಜುವ ಬ್ರಷ್ ಅದ್ದಿ ಎರಡು ಬಾರಿ ತಿಕ್ಕಿ, ಪ್ರತಿ ಬಾರಿಯೂ ಕರಗಿದ ಕೊಳೆ ಒಣಗುವ ಮೊದಲೇ ಹತ್ತಿಬಟ್ಟೆಯಿಂದ ಒತ್ತಿ ತೆಗೆದೆ. ಬಟ್ಟೆಯಿಲ್ಲದೆ ತಿಕ್ಕಿದರೆ ಫ್ಲಕ್ಸ್ ಜಾಗ ಬದಲಿಸುತ್ತದೆ ಅಷ್ಟೆ. ಆ ಬಿಂದುವಿನ ಸುತ್ತ ನೆಲಕ್ಕೆ ಕಟ್ಟಿದ ತಂತಿಯ ಉಂಗುರವನ್ನೂ ಬೆಸೆದೆ, ಮುಂದೆ ಏನಾದರೂ ಸೋರಿದರೆ ಅದು ಆ ಉಂಗುರದಲ್ಲೇ ಇಂಗಿಹೋಗಲೆಂದು. 16 ಹರ್ಟ್ಜ್‌ನ ತಪ್ಪು 2 ಸೆಂಟಿಗೆ ಇಳಿಯಿತು. ಮಧ್ಯದ ಸ್ವರಗಳಲ್ಲೂ ಈ ಸೋರಿಕೆಯ ಸಣ್ಣ ಪಾಲು ಇದ್ದುದರಿಂದ ಮುಖ್ಯ ಪ್ರಿಸೆಟನ್ನು ಮತ್ತೆ ಕಾಲು ಸುತ್ತು ತಿದ್ದಬೇಕಾಯಿತು.

ಶಾಖದ ಪರೀಕ್ಷೆಯನ್ನು ಮೇ ತಿಂಗಳ ಬಿಸಿಲೇ ಮಾಡಿಕೊಟ್ಟಿತು: ಬೆಳಿಗ್ಗೆ ಕೋಣೆಯಲ್ಲಿ 24.5 ಡಿಗ್ರಿ, ಮಧ್ಯಾಹ್ನ 31. ಪಿಟಿ1000 ಇಲ್ಲದಿದ್ದರೆ ಕೀಲಿನಂತೆ ನಿಲ್ಲುವ 2,000 ಹರ್ಟ್ಜ್‌ನಿಂದ ಐದು ಸ್ಥಾಯಿ ಕೆಳಗಿನ ಸ್ವರ ಡಿಗ್ರಿಗೆ 20 ಸೆಂಟ್‌ನಂತೆ ಒಟ್ಟು 130 ಸೆಂಟ್ ಜಾರುತ್ತಿತ್ತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೋಗ್ ಸಿಂಥಸೈಜರನ್ನು ಜೋಡಿಸಿಕೊಟ್ಟಾಗ ಆ ಊರಿನ ಬಿಸಿಲಿನಲ್ಲಿ ಕೆಲಸ ಮಾಡಿದವರನ್ನು ನಾನು ಈ ಲೆಕ್ಕ ಬರೆಯುವಾಗಲೆಲ್ಲ ಗೌರವದಿಂದ ನೆನೆಯುತ್ತೇನೆ. ನನ್ನ ಆಸಿಲೇಟರ್‌ನಲ್ಲಿ 65ರಿಂದ 2,093 ಹರ್ಟ್ಜ್‌ವರೆಗಿನ ಅಂತರ ಇಡೀ ದಿನದಲ್ಲಿ ಬದಲಾದದ್ದು 2 ಸೆಂಟ್ ಮಾತ್ರ. ಆದರೆ ಎಲ್ಲ ಸ್ವರಗಳೂ ಒಟ್ಟಾಗಿ, ಸಮನಾಗಿ 5 ಸೆಂಟ್ ಸರಿದಿದ್ದವು. ಸಮನಾದ ಸರಿತಕ್ಕೆ ವಿಭಾಜಕವಾಗಲಿ ರೀಸೆಟ್ ಆಗಲಿ ಸೋರಿಕೆಯಾಗಲಿ ಕಾರಣವಾಗಲಾರದು; ಸ್ವರವನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುವ ವೋಲ್ಟೇಜೇ ಸರಿದಿರಬೇಕು. ಟ್ಯೂನಿಂಗ್ ಗುಂಡಿಗೆ ಋಣ 12 ವೋಲ್ಟಿನ ಸಪ್ಲೈಯನ್ನೇ ನೇರವಾಗಿ ಕೊಟ್ಟಿದ್ದೆ. ಮಧ್ಯಾಹ್ನ ಅದು ಮೀಟರಿನ ಕೊನೆಯ ಒಂದು ಅಂಕಿಯಷ್ಟು, 10 ಮಿಲಿವೋಲ್ಟ್, ಬದಲಾಗಿತ್ತು. ಗುಂಡಿಯ ಮೂಲಕ ಅದರ ಹನ್ನೆರಡರಲ್ಲಿ ಐದು ಪಾಲು ಒಳಬಂದರೆ 4 ಮಿಲಿವೋಲ್ಟ್, ಅದೇ 5 ಸೆಂಟ್. ಇನ್ನೊಂದು ಆರ್‌ಇಎಫ್02 ಹಾಕಿ ಅದರ 5 ವೋಲ್ಟನ್ನು ಆಪ್‌ಆಂಪ್‌ನಿಂದ ಋಣಕ್ಕೆ ತಿರುಗಿಸಿ ಗುಂಡಿಗೆ ಕೊಟ್ಟೆ. 10 ಮೈಕ್ರೋಆಂಪ್ ಆಧಾರ ವಿದ್ಯುತ್ತನ್ನೂ ಸಪ್ಲೈಯಿಂದ ಬಿಡಿಸಿ, 499 ಕಿಲೋಓಮ್ ಮೂಲಕ ಅದೇ ಆಕರದಿಂದ ತೆಗೆದುಕೊಂಡೆ.

ಕೊನೆಯದಾಗಿ ಸೀಲಿಂಗ್ ಫ್ಯಾನ್. ಎರಡೂ ಆಸಿಲೇಟರ್‌ಗಳನ್ನು ಒಂದೇ ಸ್ವರಕ್ಕೆ ಸೇರಿಸಿ ಕೇಳುತ್ತಿದ್ದಾಗ, ಅವುಗಳ ನಡುವಿನ ಮಿಡಿತ (ಎರಡು ಸ್ವರಗಳ ಸಣ್ಣ ವ್ಯತ್ಯಾಸದಿಂದ ಕೇಳಿಬರುವ ಏರಿಳಿತ) ಒಮ್ಮೆ ನಿಧಾನವಾಗಿ ಒಮ್ಮೆ ಬೇಗ ಬರುತ್ತಿತ್ತು, ಯಾವ ಲಯಕ್ಕೂ ಒಗ್ಗದೆ. ಫ್ಯಾನ್ ನಿಲ್ಲಿಸಿದ ಅರ್ಧ ನಿಮಿಷಕ್ಕೆ ಅದು ಶಾಂತವಾಯಿತು. ಬೀಸುವ ಗಾಳಿ ಜೋಡಿಯ ಒಂದು ಪಕ್ಕವನ್ನು ಇನ್ನೊಂದಕ್ಕಿಂತ ಮೊದಲು ತಣಿಸುತ್ತದೆ, ಡಿಗ್ರಿಯ ನೂರನೆಯ ಒಂದು ಭಾಗ ವ್ಯತ್ಯಾಸವೂ ಒಂದು ಸೆಂಟಿಗಿಂತ ಹೆಚ್ಚು. ಫೋಟೋ ಫಿಲ್ಮ್ ಬರುತ್ತಿದ್ದ ಹಳೆಯ ಪ್ಲಾಸ್ಟಿಕ್ ಡಬ್ಬಿಗಳನ್ನು ಅರ್ಧಕ್ಕೆ ಕತ್ತರಿಸಿ, ಒಳಗೆ ಹತ್ತಿ ತುಂಬಿ, ಎರಡೂ ಜೋಡಿಗಳ ಮೇಲೆ ಬೋರಲು ಮುಚ್ಚಿದೆ; ಬಿಸಿಯಾಗುವ 7812 ವೋಲ್ಟೇಜ್ ರೆಗ್ಯುಲೇಟರನ್ನು ಅದರ ಹೀಟ್‌ಸಿಂಕ್ ಸಮೇತ ಪೆಟ್ಟಿಗೆಯ ಇನ್ನೊಂದು ಮೂಲೆಗೆ ಒಯ್ದೆ.

ಈ ವಾರದ ಅಳತೆಯಲ್ಲಿ ಎರಡೂ ಆಸಿಲೇಟರ್‌ಗಳು 32.70ರಿಂದ 4,186 ಹರ್ಟ್ಜ್‌ವರೆಗೆ, ಏಳು ಸ್ಥಾಯಿಗಳಲ್ಲಿ, ತಮ್ಮ ಸ್ಥಾನದಿಂದ 2 ಸೆಂಟಿಗಿಂತ ಹೆಚ್ಚು ಸರಿಯಲಿಲ್ಲ. 523 ಹರ್ಟ್ಜ್‌ನಲ್ಲಿ ಸೆಕೆಂಡಿಗೊಂದು ಮಿಡಿತ ಎಂದರೆ 3.3 ಸೆಂಟ್, ನನ್ನವು ಅಲ್ಲಿ ನಾಲ್ಕು ಸೆಕೆಂಡಿಗೊಮ್ಮೆ ಮಿಡಿಯುತ್ತಿವೆ. ನಿನ್ನೆ ಸಂಜೆ ಒಂದನ್ನು ಷಡ್ಜದಲ್ಲೂ ಇನ್ನೊಂದನ್ನು ಪಂಚಮದಲ್ಲೂ ನಿಲ್ಲಿಸಿ, ಫ್ಯಾನ್ ತಿರುಗುತ್ತಿರುವಾಗಲೇ, ತಂಬೂರಿಯ ಜೊತೆ ಒಂದು ಗಂಟೆ ಬಿಟ್ಟಿದ್ದೆ. ಒಮ್ಮೆಯೂ ಗುಂಡಿ ಮುಟ್ಟಬೇಕಾಗಲಿಲ್ಲ.